ಸೊಪ್ಪೋ, ಸೆಣಬೋ, ಜೀವಾಮೃತವೋ? ಉತ್ತರ ಕನ್ನಡದ ತೋಟಕ್ಕೆ ಗೊಬ್ಬರದ ದಾರಿ ಆರಿಸುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಅಡಿಕೆ ತೋಟಕ್ಕೆ ಇಳಿದರೆ ಕಾಲಡಿ ಮಣ್ಣು ಕಪ್ಪಗೆ, ಮೆತ್ತಗೆ ಇರುತ್ತದೆ. ಕೈಯಲ್ಲಿ ಕೆದಕಿದರೂ ಎರೆಹುಳ ಸಿಗುತ್ತದೆ. ಅದೇ ತೋಟದ ತಲೆಯ ಮೇಲಿನ ಬೆಟ್ಟ ಹತ್ತಿದರೆ ಎಷ್ಟೋ ಕಡೆ ಕಾಣುವುದು ಕೆಂಪು ನೆಲ, ಜಂಬಿಟ್ಟಿಗೆ ಕಲ್ಲು, ಟೊಂಗೆಯಿಲ್ಲದೆ ಕಂಬದಂತೆ ನಿಂತ ಮತ್ತಿ ಮರ. ಕೆಳಗಿನ ಮಣ್ಣು ಕಪ್ಪಾದದ್ದು ಮೇಲಿನ ಮಣ್ಣು ಕೆಂಪಾದದ್ದರಿಂದ. ಮಣ್ಣನ್ನು ಮರಳಿ ಕಟ್ಟುವ ಕೃಷಿ, ರಿಜನರೇಟಿವ್ ಕೃಷಿ ಎಂದೆಲ್ಲ ಈಗ ಮಾತಾಡುವಾಗ ನಮ್ಮ ಜಿಲ್ಲೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಗೊಬ್ಬರ ಬಂದದ್ದು ಎಲ್ಲಿಂದ, ಅಲ್ಲಿ ಏನು ಕಡಿಮೆಯಾಯಿತು? ಮುಂದಿನ ಹೋಲಿಕೆಗಳನ್ನೆಲ್ಲ ಇದೇ ಅಳತೆಗೋಲಿನಿಂದ ಮಾಡಿದ್ದೇವೆ.

ಮೊದಲು ತೋಟಕ್ಕೆ ಬೇಕಾಗುವುದೆಷ್ಟು ಎಂದು ನೋಡೋಣ. ಫಸಲು ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಹಸಿರೆಲೆ, 12 ಕೆಜಿ ಕೊಟ್ಟಿಗೆ ಗೊಬ್ಬರ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 540 ಮರ ಸುಮಾರು. ಅಂದರೆ ಎಕರೆಗೆ ಆರೂವರೆ ಟನ್ ಸೊಪ್ಪು, ಅಷ್ಟೇ ಗೊಬ್ಬರ, 54 ಕೆಜಿ ಸಾರಜನಕ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಯಾರಾದರೂ ಬಾಟಲಿ ಹಿಡಿದು ‘ಇದೊಂದು ಹಾಕಿದರೆ ಸಾಕು’ ಎಂದಾಗ ತಾಳೆ ನೋಡಲು ಬೇಕಾಗುತ್ತದೆ.

ಸೊಪ್ಪಿನ ಬೆಟ್ಟ

ತೋಟಕ್ಕೆ ಸೊಪ್ಪು, ದರಕು ತರಲೆಂದು ಬಿಟ್ಟುಕೊಟ್ಟ ಕಾಡಿನ ನೆಲವೇ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಕಾಗದದಲ್ಲಿ ಅಷ್ಟಿದ್ದರೂ ಪಾಲಾಗಿ, ಒತ್ತುವರಿಯಾಗಿ, ಮರ ಹೋಗಿ, ಇವತ್ತು ಎಲ್ಲರ ಕೈಯಲ್ಲೂ ಅಷ್ಟು ಬೆಟ್ಟ ಉಳಿದಿಲ್ಲ. ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಿ, ಹಸಿ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿ, ದನ ತುಳಿದು ಸಗಣಿ–ಗಂಜಲ ಸೇರಿ ಗುಂಡಿಯಲ್ಲಿ ಕಳಿತ ಗೊಬ್ಬರದಲ್ಲಿ ಎಲ್ಲವೂ ಇದೆ. ಕಾಡಿನ ಹಸಿ ಸೊಪ್ಪಿನಲ್ಲಿ ಶೇ 0.5ರ ಆಸುಪಾಸು ಸಾರಜನಕ ಹಿಡಿದರೆ 12 ಕೆಜಿಗೆ 60 ಗ್ರಾಂ. ಕೊಟ್ಟಿಗೆ ಗೊಬ್ಬರದಿಂದ ಇನ್ನೊಂದು 60. ಲೆಕ್ಕ ಕೂಡಿತು ಎನ್ನಬಹುದು. ಆದರೆ ಅದರಲ್ಲಿ ಮೊದಲ ವರ್ಷ ಬೇರಿಗೆ ಸಿಗುವುದು ಒಂದು ಪಾಲು ಮಾತ್ರ, ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುತ್ತದೆ. ಹತ್ತು ವರ್ಷ ತಪ್ಪದೆ ಸೊಪ್ಪು ಹಾಕಿದ ತೋಟ ಒಂದೆರಡು ವರ್ಷ ಹಾಕದಿದ್ದರೂ ತಡೆದುಕೊಳ್ಳುವುದು ಇದರಿಂದಲೇ.

ಕೆಡುವುದು ಎಲ್ಲಿ ಎಂದರೆ ಕಡಿಯುವ ರೀತಿಯಲ್ಲಿ. ಕೂಲಿಯವರಿಗೆ ಹೊರೆಯ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಹತ್ತಿರದ ಮರವನ್ನೇ ತುದಿವರೆಗೆ ಬೋಳಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಕೂಲಿಯ ಲೆಕ್ಕವೇ ಹಾಗೆ ಇದೆ. ಮಾಡಬೇಕಾದ್ದು ಇಷ್ಟು. ಬೆಟ್ಟವನ್ನು ಎರಡು ಪಾಲು ಮಾಡಿ, ಈ ವರ್ಷ ಕಡಿದ ಪಾಲಿಗೆ ಮುಂದಿನ ವರ್ಷ ಕತ್ತಿ ತಾಗಿಸಬೇಡಿ. ಯಾವ ಮರದಲ್ಲೂ ತಲೆಯ ಮೂರನೇ ಒಂದು ಪಾಲು ಸೊಪ್ಪು ಬಿಡಿ, ಇಲ್ಲದಿದ್ದರೆ ಮರ ಕಾಂಡದಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಚಿಗುರುತ್ತದೆ, ಮೂರ್ನಾಲ್ಕು ಸಲಕ್ಕೆ ಸೊರಗುತ್ತದೆ. ದರಕನ್ನು ಪೊರಕೆಯಲ್ಲಿ ನೆಲ ಕಾಣುವ ಹಾಗೆ ಗುಡಿಸುವುದು ಸೊಪ್ಪು ಕಡಿಯುವುದಕ್ಕಿಂತ ಕೆಟ್ಟದ್ದು. ಮೇಲಿನ ಹೊಸ ಎಲೆ ತೆಗೆದು ಅಡಿಯ ಕಪ್ಪು ಪದರ ಬಿಡಬೇಕು. ಬಿದ್ದ ಬೀಜ ಮೊಳೆಯುವುದು ಆ ಪದರದಲ್ಲೇ.

ಈ ಪದರ ಹೋದರೆ ಮೊದಲ ಪೆಟ್ಟು ಬೆಟ್ಟಕ್ಕಲ್ಲ, ತೋಟಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ದರಕಿಲ್ಲದ ಕೆಂಪು ನೆಲದ ಮೇಲೆ ಇಂಗುವುದಿಲ್ಲ, ಹರಿದು ಹಳ್ಳ ಸೇರುತ್ತದೆ. ಬೆಟ್ಟದ ಬುಡದ ಒರತೆ ಬೇಗ ಬತ್ತುತ್ತದೆ, ಏಪ್ರಿಲ್‌ನಲ್ಲಿ ತೋಟಕ್ಕೆ ಬಿಡಲು ನೀರಿಲ್ಲ. ಬೋರ್‌ವೆಲ್ ತೆಗೆಸುವ ಮುನ್ನ ಬೆಟ್ಟದ ನೆಲ ಒಮ್ಮೆ ನೋಡಿ ಬನ್ನಿ ಎನ್ನುವುದು ಇದಕ್ಕೇ.

ಗೊಬ್ಬರಗುಂಡಿಗೆ ಮಾಡು (ಚಾವಣಿ) ಇಲ್ಲದಿರುವುದು ಎರಡನೇ ತಪ್ಪು. ನಮ್ಮ ಮಳೆಯಲ್ಲಿ ತೆರೆದ ಗುಂಡಿಯಿಂದ ಮೊದಲು ತೊಳೆದು ಹೋಗುವುದು ಪೊಟ್ಯಾಷ್, ಹಿಂದೆಯೇ ಸಾರಜನಕ. ಗುಂಡಿಯ ಅಂಚಿನಿಂದ ಕಂದು ನೀರು ಹರಿಯುತ್ತಿದ್ದರೆ ವರ್ಷದ ದುಡಿಮೆಯ ಒಳ್ಳೆಯ ಭಾಗ ಅದರಲ್ಲಿ ಹೊರಟಿತು ಎಂದೇ ತಿಳಿಯಬೇಕು. ಅಡಿಕೆ ಸೋಗೆಯ (ಗರಿಯ) ಮಾಡಾದರೂ ಸಾಕು. ಗುಂಡಿಯ ಸುತ್ತ ಒಂದಡಿ ದಿಬ್ಬ ಹಾಕಿ ಹೊರಗಿನ ನೀರು ಒಳಗೆ ಬಾರದಂತೆ ಮಾಡಿ.

ತೋಟದಲ್ಲಿ ಕಾಳುಮೆಣಸು ಇದ್ದರೆ ಇನ್ನೊಂದು ಎಚ್ಚರ. ಸೊಪ್ಪಿನ ರಾಶಿ ಬಳ್ಳಿಯ ಬುಡಕ್ಕೆ ತಾಗಿಕೊಂಡು ಮಳೆಗಾಲ ಕಳೆದರೆ ಬುಡ ಸದಾ ಒದ್ದೆಯಾಗಿದ್ದು ಸೊರಗು ರೋಗಕ್ಕೆ ದಾರಿಯಾಗುತ್ತದೆ. ಬುಡದಿಂದ ಒಂದು ಗೇಣು ಜಾಗ ಬಿಟ್ಟು ಹರಡಿ. ಹಾಗೆಂದು ನೆಲವನ್ನು ಬರಿದಾಗಿ ಬಿಡುವುದೂ ತಪ್ಪು: ಮಳೆಹನಿ ಬಡಿದು ಸಿಡಿದ ಮಣ್ಣಿನ ಜೊತೆ ಫೈಟಾಫ್ತೋರಾ ಶಿಲೀಂಧ್ರ ಕೆಳಗಿನ ಎಲೆಗೆ ಹತ್ತುತ್ತದೆ. ಹೊದಿಕೆ ಬೇಕು, ಬುಡಕ್ಕೆ ತಾಗಬಾರದು. 90 ಕೆಜಿ ಕಳಿತ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, ರೋಗ ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಒಂದು ಕೆಜಿ ಸೇರಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ 15 ದಿನ ಇಟ್ಟು ಬಳ್ಳಿಯ ಬುಡಕ್ಕೆ ಕೊಡುವ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆದ ವಾರದಲ್ಲೇ ಇದನ್ನು ಹಾಕಬೇಡಿ. ತಾಮ್ರಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ.

ತೋಟದ ಕಸ ತೋಟಕ್ಕೇ

ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಹಾಳೆ ಸಮೇತ ಉದುರಿಸುತ್ತದೆ. ಎಕರೆಗೆ ಮೂರು ಸಾವಿರದ ಮೇಲಾಯಿತು. ತೋಟದಿಂದ ನಿಜವಾಗಿ ಹೊರಗೆ ಹೋಗಲೇಬೇಕಾದದ್ದು ಅಡಿಕೆಯ ತಿರುಳು, ಮರಕ್ಕೆ ಹೆಚ್ಚೆಂದರೆ ಎರಡು ಮೂರು ಕೆಜಿ. ಉಳಿದ ಹಾಳೆ, ಸೋಗೆ, ಖಾಲಿ ಕೊನೆ (ಗೊನೆ), ಸಿಪ್ಪೆ ಎಲ್ಲ ಮರಳಿ ಬುಡಕ್ಕೆ ಬಂದರೆ ಬೆಟ್ಟದ ಮೇಲಿನ ಭಾರ ಅರ್ಧ ಇಳಿಯುತ್ತದೆ ಎಂಬುದು ನಮ್ಮ ಅಂದಾಜು. ಖರ್ಚು ಕಡಿಮೆ, ಬೆಟ್ಟ ಇಲ್ಲದವರಿಗೂ ಸಾಧ್ಯ. ಆದರೂ ಹೆಚ್ಚು ಜನ ಮಾಡುವುದಿಲ್ಲ, ಏಕೆಂದರೆ ಕಸ ಒಣಕಲು ಮತ್ತು ನಾರು, ಬೇಗ ಕೊಳೆಯುವುದಿಲ್ಲ.

ಹಾಗೇ ಹಸಿ ಸಿಪ್ಪೆ ಬುಡಕ್ಕೆ ಸುರಿದರೆ ಏನಾಗುತ್ತದೆ? ಸಿಪ್ಪೆಯಲ್ಲಿ ಇಂಗಾಲ ಬಹಳ, ಸಾರಜನಕ ಅತಿ ಕಡಿಮೆ. ಅದನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಮರ ಕೆಲವು ತಿಂಗಳು ಹಳದಿಯಾಗುತ್ತದೆ. ‘ಸಿಪ್ಪೆ ತೋಟಕ್ಕೆ ಉಷ್ಣ’ ಎಂದು ಹಿರಿಯರು ಹೇಳುವುದರ ಹಿಂದೆ ಇರುವುದು ಇದೇ.

ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಮಾಡುವವರಿಗೂ ರಾಶಿ (ಹಸಿಯಾಗಿ ಸುಲಿದು ಬೇಯಿಸಿದ ಕೆಂಪಡಿಕೆ) ಮಾಡುವವರಿಗೂ ಇಲ್ಲಿ ದಾರಿ ಬೇರೆ. ಚಾಲಿಗೆ ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳೊಪ್ಪತ್ತು ಬಿಸಿಲಿಗೆ ಹಾಕಿ ಸುಲಿಯುವುದರಿಂದ ಸಿಪ್ಪೆ ಒಣಗಿರುತ್ತದೆ. ಅದನ್ನು ಕೊಟ್ಟಿಗೆಯಲ್ಲಿ ದರಕಿನ ಬದಲು ಹಾಸಿದರೆ ಗಂಜಲ ಹೀರುತ್ತದೆ, ಸಾರಜನಕದ ಕೊರತೆ ಅಲ್ಲೇ ತುಂಬುತ್ತದೆ. ಇದಕ್ಕಿಂತ ಸುಲಭದ ಉಪಾಯ ಇಲ್ಲ. ರಾಶಿಗೆ ಹಸಿ ಅಡಿಕೆ ಸುಲಿಯುವುದರಿಂದ ಸಿಪ್ಪೆ ನೀರು ತುಂಬಿ ಗುಡ್ಡೆ ಬಿದ್ದಲ್ಲೇ ಕೊಳೆತು ನಾರುತ್ತದೆ, ಸೊಳ್ಳೆ ಏಳುತ್ತದೆ, ಕೊನೆಗೆ ರಸ್ತೆ ಪಕ್ಕ ಸೇರುತ್ತದೆ. ಅದನ್ನು ಆರಿಂಚು ಸಿಪ್ಪೆ, ಒಂದು ಪದರ ಹಸಿ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸೊಪ್ಪು, ಮೇಲೆ ಸಗಣಿ ನೀರು ಎಂಬ ಕ್ರಮದಲ್ಲಿ ನಾಲ್ಕಡಿ ಎತ್ತರಕ್ಕೆ ಒಟ್ಟಿ, ತಿಂಗಳಿಗೊಮ್ಮೆ ಮಗುಚಿದರೆ ಆರೆಂಟು ತಿಂಗಳಲ್ಲಿ ಗೊಬ್ಬರ. ರಾಶಿಗೆ ಅಡಿಕೆ ಬೇಯಿಸಲು ಕಟ್ಟಿಗೆ ಬೇಕು. ಬೆಟ್ಟಕ್ಕೆ ಅದೊಂದು ಬೇರೆ ಖರ್ಚು. ದರ ನೋಡಿ ರಾಶಿ, ಚಾಲಿ ನಿರ್ಧರಿಸುವುದು ಸರಿ, ಆದರೆ ಕಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಳೆ–ಸೋಗೆಗೆ ಎರೆಗೊಬ್ಬರವೇ ಒಳ್ಳೆಯದು. ಗೇಣಿಗಿಂತ ಚಿಕ್ಕದಾಗಿ, 10–15 ಸೆಂ.ಮೀ. ತುಂಡು ಮಾಡಿ, ತೂಕದ ಹತ್ತನೇ ಒಂದು ಪಾಲು ಸಗಣಿಯನ್ನು ನೀರಲ್ಲಿ ಕದಡಿ ಚಿಮುಕಿಸಿ, ಎರಡು ಮೂರು ವಾರ ಒದ್ದೆಯಾಗಿಟ್ಟು ಬಿಸಿ ಇಳಿಯಲು ಬಿಡಿ. ಕೈ ಒಳಗೆ ತೂರಿಸಿದಾಗ ತಣ್ಣಗೆ ಅನ್ನಿಸಿದ ಮೇಲೆ ಟನ್ನಿಗೆ ಒಂದು ಕೆಜಿ ಎರೆಹುಳ ಬಿಡಬೇಕು. ಅವಸರದಲ್ಲಿ ಬಿಸಿ ರಾಶಿಗೆ ಬಿಟ್ಟವರಿಗೆ ಮರುದಿನ ಹುಳ ಗೋಡೆ ಹತ್ತಿ ಓಡುವುದು ಕಾಣುತ್ತದೆ. ಹಿಡಿ ತುಂಬ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಸುರಿಯಬಾರದು. ಎರಡು, ಎರಡೂವರೆ ತಿಂಗಳಿಗೆ ತಯಾರು. ಇರುವೆಗೆ ತೊಟ್ಟಿಯ ಸುತ್ತ ನೀರಿನ ಕಾಲುವೆ. ಹೆಗ್ಗಣಕ್ಕೆ ಅಡಿಯಲ್ಲಿ ಸಿಮೆಂಟ್ ಅಥವಾ ಕಲ್ಲು ಹಾಸು.

ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಮಾತ್ರ ಈ ದಾರಿಗೆ ತಡೆ ಇದೆ. ಚುಕ್ಕಿ ಹತ್ತಿದ ಸೋಗೆಯನ್ನು ಮರದ ಬುಡಕ್ಕೆ ಹಾಸಿದರೆ ರೋಗವನ್ನು ನಾವೇ ಸಾಕಿದಂತೆ. ಅಂಥ ಸೋಗೆ ಕತ್ತರಿಸಿ ತೋಟದಿಂದ ಹೊರಗೆ ತಂದು ಸುಡುವುದು, ಇಲ್ಲವೆ ಚೆನ್ನಾಗಿ ಬಿಸಿಯೇರುವ ಕಾಂಪೋಸ್ಟ್ ರಾಶಿಯ ನಡುವೆ ಹೂಳುವುದು. ಕೊಳೆರೋಗದಿಂದ ಉದುರಿದ ಅಡಿಕೆಗೂ ಇದೇ ಮಾತು.

ಹಾಳೆ ತಟ್ಟೆಯ ಘಟಕಕ್ಕೆ ಹಾಳೆ ಮಾರುವವರು ಒಂದು ವಿಷಯ ಗಮನಿಸಲಿ. ಪ್ಲಾಸ್ಟಿಕ್ ತಟ್ಟೆಯ ಬದಲು ಹಾಳೆ ತಟ್ಟೆ ಒಳ್ಳೆಯದೇ. ಆದರೆ ಮಾರಿದ ಹಾಳೆಯ ಜೊತೆ ತೋಟದ ಪೊಟ್ಯಾಷ್ ಕೂಡ ಲಾರಿ ಹತ್ತಿತು. ಬಂದ ದುಡ್ಡಿನ ಒಂದು ಪಾಲು ಮಣ್ಣಿಗೆ ಮರಳಬೇಕು.

ಹಸಿರೆಲೆ ಬೆಳೆ

ಹೊಸ ತೋಟ, ಬೆಟ್ಟ ಇಲ್ಲ, ದನ ಕಡಿಮೆ ಎನ್ನುವವರಿಗೆ ಇದು ಮೊದಲ ಆಯ್ಕೆ. ಸೊಪ್ಪನ್ನು ಹೊರಗಿನಿಂದ ತರುವ ಬದಲು ಅಲ್ಲೇ ಬೆಳೆಸುವುದು; ದ್ವಿದಳ ಗಿಡವಾದ್ದರಿಂದ ಸಾರಜನಕ ಗಾಳಿಯಿಂದ ಬರುತ್ತದೆ, ಯಾರ ಬೆಟ್ಟವೂ ಬೋಳಾಗುವುದಿಲ್ಲ. ಸೆಣಬನ್ನು ಬಯಲಿನಲ್ಲಿ ಎಕರೆಗೆ 20–25 ಕೆಜಿ ಬಿತ್ತಿ 45–50 ದಿನಕ್ಕೆ, ಹೂ ಕಾಣುವ ಹೊತ್ತಿಗೆ ಕಡಿದರೆ ಆರರಿಂದ ಎಂಟು ಟನ್ ಹಸಿ ಸೊಪ್ಪು. ಎಕರೆ ಅಡಿಕೆಗೆ ಬೇಕೆಂದು ಮೊದಲು ಲೆಕ್ಕ ಹಾಕಿದ ಆರೂವರೆ ಟನ್ ಇದರಲ್ಲಿ ಬಂತು. ಹೂ ದಾಟಿ ಕಾಯಿ ಕಟ್ಟಲು ಬಿಟ್ಟರೆ ಕಾಂಡ ನಾರಾಗಿ ಸಾರಜನಕ ಕಾಳಿಗೆ ಹೋಗುತ್ತದೆ, ಲಾಭ ಅರ್ಧ.

ಸೆಣಬಿಗೆ ನೀರು ನಿಂತರೆ ಆಗದು. ಗದ್ದೆ ಏರಿಸಿ ಅಡಿಕೆ ಇಟ್ಟವರ ತಗ್ಗು ಜಾಗಕ್ಕೆ ಇನ್ನೊಂದು ಹಸಿರೆಲೆ ಗಿಡ ಡಯಂಚ ಸರಿ, ಇಳಿಜಾರಿಗೆ ಸೆಣಬು. ಎರಡಕ್ಕೂ ಬಿಸಿಲು ಬೇಕು. ಆರೇಳು ವರ್ಷ ದಾಟಿದ ತೋಟದಲ್ಲಿ ಅಡಿಕೆ ತಲೆ ಕೂಡಿದ ಮೇಲೆ ಸೆಣಬು ಬಿತ್ತಿದರೆ ಸಣಕಲಾಗಿ ಎದ್ದು ಬಿದ್ದುಹೋಗುತ್ತದೆ, ಬೀಜದ ದುಡ್ಡೂ ಬರುವುದಿಲ್ಲ. ರಬ್ಬರ್ ತೋಟದಲ್ಲಿ ನೋಡಿ ಮ್ಯೂಕುನಾ ಬಳ್ಳಿ ತಂದು ಹಾಕಿದವರು ತಿಂಗಳಿಗೆರಡು ಸಲ ಸುತ್ತು ಬರಲು ಸಿದ್ಧರಿರಬೇಕು. ಎಳೆ ಅಡಿಕೆ ಸಸಿಯ ಸುಳಿ ಸುತ್ತಿಕೊಂಡು ಉಸಿರು ಕಟ್ಟಿಸಿಬಿಡುತ್ತದೆ.

ಬೆಳೆದ ತೋಟಕ್ಕೆ ಗ್ಲಿರಿಸಿಡಿಯಾವೇ ಗತಿ. ಬೇಲಿಯ ಸಾಲು, ಕಾಲುವೆ ಏರಿ, ರಸ್ತೆ ಬದಿ ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲಿ. ಮಳೆ ಹಿಡಿದ ಕೂಡಲೇ ಹೆಬ್ಬೆರಳು ದಪ್ಪದ, ಒಂದು ಮೀಟರ್ ಉದ್ದದ ಬಲಿತ ಕಡ್ಡಿಯನ್ನು ಮೂರಡಿಗೊಂದರಂತೆ ಊರಿ. ಎರಡನೇ ವರ್ಷದಿಂದ ಫೆಬ್ರವರಿ, ಜೂನ್, ಅಕ್ಟೋಬರ್ ಹೀಗೆ ಮೂರು ಸಲ ಎದೆಯೆತ್ತರಕ್ಕೆ ಕಡಿಯಬಹುದು. ಸೊಪ್ಪು ಮೆತ್ತಗೆ, ನೂರು ಕೆಜಿಯಲ್ಲಿ ಮುಕ್ಕಾಲು ಕೆಜಿಯ ಹತ್ತಿರ ಸಾರಜನಕ, ಕಾಡಿನ ಸೊಪ್ಪಿಗಿಂತ ಹೆಚ್ಚು. ಆದರೆ ಒಂದೆರಡು ತಿಂಗಳಲ್ಲಿ ಕರಗಿಹೋಗುತ್ತದೆ. ಬೇಸಿಗೆಯಲ್ಲಿ ತೇವ ಹಿಡಿಯುವ ಹೊದಿಕೆಯಾಗಿ ನಿಲ್ಲುವುದಿಲ್ಲ. ಅದಕ್ಕೆ ಸೋಗೆಯ ಜೊತೆ ಬೆರೆಸಿ ಹಾಕಬೇಕು: ಒಂದು ಊಟ, ಇನ್ನೊಂದು ಕಂಬಳಿ.

ಜೀವಾಮೃತ

ಇದರ ಮೇಲಿನ ಜಗಳ ಈ ಜಿಲ್ಲೆಯಲ್ಲಿ ಮುಗಿಯುವಂಥದ್ದಲ್ಲ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಅಳತೆ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿ ಗೋಣಿ ಮುಚ್ಚಿ, ದಿನಕ್ಕೆ ಎರಡು ಸಲ ಕೋಲಿನಿಂದ ತಿರುವಿ, 48 ಗಂಟೆ ಬಿಟ್ಟು, ವಾರದೊಳಗೆ ಹಾಕಿ ಮುಗಿಸಬೇಕು.

ಈಗ ಕೂಡಿ ನೋಡಿ. ಸಗಣಿಯಿಂದ 50 ಗ್ರಾಂ ಸಾರಜನಕ, ಗಂಜಲದಿಂದ 80–100, ಹಿಟ್ಟಿನಿಂದ 70. ಡ್ರಮ್ಮಿನಲ್ಲಿ ಒಟ್ಟು 200 ಗ್ರಾಂ ಸುಮಾರು. 540 ಮರಕ್ಕೆ ಹಂಚಿದರೆ ಮರಕ್ಕೆ ಅರ್ಧ ಗ್ರಾಂ ಕೂಡ ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ವರ್ಷವಿಡೀ ಹಾಕಿದರೂ ಒಂಬತ್ತು ಗ್ರಾಂ, ಬೇಕಾದದ್ದು ನೂರು. ಗೊಬ್ಬರ ಅಂದುಕೊಂಡು ಜೀವಾಮೃತ ಹಾಕಿ ಉಳಿದದ್ದೆಲ್ಲ ನಿಲ್ಲಿಸಿದವರ ತೋಟ ಮೂರನೇ ನಾಲ್ಕನೇ ವರ್ಷ ಇಳುವರಿ ಬಿಡುವುದು ಇದರಿಂದ. ಮೊದಲೆರಡು ವರ್ಷ ಚೆನ್ನಾಗಿಯೇ ಇರುತ್ತದೆ, ಹಳೆಯ ಸೊಪ್ಪಿನ ಗಂಟು ಕರಗುತ್ತಿರುತ್ತದಲ್ಲ.

ಹಾಗಾದರೆ ಬೇಡವೇ? ಬೇಕು, ಹೆಪ್ಪಿನ ಹಾಗೆ. ಹಾಲಿದ್ದರೆ ಹೆಪ್ಪು ಕೆಲಸ ಮಾಡುತ್ತದೆ. ಸೋಗೆ, ಸಿಪ್ಪೆ, ದರಕು ದಪ್ಪವಾಗಿ ಹಾಸಿದ ಮೇಲೆ ಜೀವಾಮೃತ ಚೆಲ್ಲಿದರೆ ಕೊಳೆಯುವುದು ಚುರುಕಾಗುತ್ತದೆ. ಬರಿ ನೆಲಕ್ಕೆ ಸುರಿದರೆ ಬಿಸಿಲಿಗೆ ಆರಿಹೋಗುತ್ತದೆ. ಹುಳಿ–ಸಿಹಿ ವಾಸನೆ ಇರುವಾಗ ಹಾಕಬೇಕು. ಕೊಳೆತ ನಾತ ಬಂದರೆ ಒಳಗೆ ಗಾಳಿ ಸಾಲದೆ ಕೆಟ್ಟಿದೆ, ಅದನ್ನು ಗೊಬ್ಬರಗುಂಡಿಗೆ ಸುರಿಯಿರಿ. ಜುಲೈ ಮಳೆಯಲ್ಲಿ ಹಾಕುವುದು ವ್ಯರ್ಥ, ಬಸಿಗಾಲುವೆಗೆ ಹಾಕಿದಂತೆ. ಡ್ರಿಪ್‌ನಲ್ಲಿ ಬಿಡುವವರು ಎರಡು ಸುತ್ತು ಬಟ್ಟೆಯಲ್ಲಿ ಸೋಸಲಿ, ಹಿಟ್ಟಿನ ಗಸಿ ಡ್ರಿಪ್ಪರ್ ಕಟ್ಟುತ್ತದೆ.

ಲಾರಿಯಲ್ಲಿ ಬರುವ ಗೊಬ್ಬರ

ಬಯಲುಸೀಮೆಯ ಕುರಿಗೊಬ್ಬರ, ಕೋಳಿಗೊಬ್ಬರ, ಚೀಲದ ಕಾಂಪೋಸ್ಟ್. ಕೆಲಸ ಸುಲಭ, ದುಡ್ಡು ಜಾಸ್ತಿ, ಮಣ್ಣು ಬೇರೆಯವರದ್ದು. ಕೋಳಿಗೊಬ್ಬರ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ಒಂದು ಮಳೆಗಾಲವಾದರೂ ಮಾಡಿನಡಿ ಕಳಿಯಲಿ. ಹೊರಗಿನ ಗೊಬ್ಬರದಲ್ಲಿ ಪಾರ್ಥೇನಿಯಂ ಬೀಜ ಬಂದರೆ ಒಂದು ಲೋಡಿಗೆ ಹತ್ತು ವರ್ಷ ಕಳೆ ಕೀಳಬೇಕು. ಬೆಟ್ಟವೂ ದನವೂ ಇಲ್ಲದ ತೋಟವನ್ನು ದಾರಿಗೆ ತರಲು ಮೊದಲ ಎರಡು ಮೂರು ವರ್ಷದ ಬಂಡವಾಳ ಎಂದು ತಂದುಕೊಳ್ಳಬಹುದು, ಕಾಯಂ ಕ್ರಮವಾಗಿ ಅಲ್ಲ.

ಮೈಲುತುತ್ತದ ಲೆಕ್ಕ

ಮಣ್ಣು ಕಟ್ಟುತ್ತೇವೆ ಎನ್ನುವವರು ಮೇಲಿನಿಂದ ಬೀಳುವುದನ್ನು ಮರೆಯುತ್ತಾರೆ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. ಎಕರೆಗೆ 500 ಲೀಟರ್ ಹೋದರೆ ಒಂದು ಸುತ್ತಿಗೆ ಒಂದೂಕಾಲು ಕೆಜಿ ತಾಮ್ರ, ಎರಡು ಸುತ್ತಿಗೆ ಎರಡೂವರೆ, ಅಂದರೆ ಹೆಕ್ಟೇರಿಗೆ ಆರು ಕೆಜಿಯ ಮೇಲೆ. ಯುರೋಪಿನಲ್ಲಿ ತಾಮ್ರಕ್ಕೆ ಇರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ, ವರ್ಷಕ್ಕೆ ಸರಾಸರಿ ನಾಲ್ಕು. ಅಲ್ಲಿಗೆ ಸಾವಯವ ಮೆಣಸು ಕಳಿಸುವ ಆಸೆ ಇರುವವರು ಇದನ್ನು ಈಗಲೇ ಗುಣಿಸಿ ನೋಡಲಿ. ತಾಮ್ರ ತೊಳೆದು ಹೋಗುವುದಿಲ್ಲ, ಮೇಲ್ಮಣ್ಣಲ್ಲೇ ಕೂರುತ್ತದೆ, ಎರೆಹುಳಕ್ಕೆ ಆಗುವುದಿಲ್ಲ.

ಹೊಡೆಯಲೇಬೇಡಿ ಎಂದು ಹೇಳುವುದು ಸುಲಭ, ಒಂದು ಆಷಾಢದಲ್ಲಿ ಅರ್ಧ ಫಸಲು ಉದುರಿದರೆ ಹೇಳಿದವರು ಬಂದು ಕೊಡುವುದಿಲ್ಲ. ಕಡಿಮೆ ಮಾಡುವ ದಾರಿ ಇವೆ. ಮೊದಲ ಸುತ್ತನ್ನು ಮಳೆಗೆ ಮುನ್ನ ಅಡಿಕೆ ಗೊನೆಗೇ ಬೀಳುವ ಹಾಗೆ ಹೊಡೆಸುವುದು, ಎರಡನೆಯದನ್ನು 40–45 ದಿನದ ಮೇಲೆ ಮಳೆಯ ಬಿಡುವು ನೋಡಿ. ದ್ರಾವಣದಲ್ಲಿ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು; ಹಾಗೇ ಹೊಡೆದರೆ ಹಿಂಗಾರ (ಅಡಿಕೆಯ ಹೂಗೊನೆ) ಸುಡುತ್ತದೆ, ಮದ್ದೂ ನಿಲ್ಲುವುದಿಲ್ಲ, ಮೂರನೇ ಸುತ್ತು ಬೇಕಾಗುತ್ತದೆ. ಹಿಂದೆ ಮಳೆ ತಾಗದಂತೆ ಗೊನೆಗೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಕೊಟ್ಟೆ. ಕಟ್ಟಲು ಕೊನೆಗೌಡರೇ (ಮರ ಹತ್ತುವವರೇ) ಸಿಗದ ಕಾಲದಲ್ಲಿ ಇಡೀ ತೋಟಕ್ಕೆ ಆಗದು, ಪ್ರತಿ ವರ್ಷ ರೋಗ ಮೊದಲು ಕಾಣುವ ತಗ್ಗಿನ ಸಾಲುಗಳಿಗಾದರೂ ಮಾಡಬಹುದು.

ಘಟ್ಟದ ಕೆಳಗೆ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಮರಳು ನೆಲದಲ್ಲಿ ಮೇಲಿನ ಲೆಕ್ಕಗಳಲ್ಲಿ ಅರ್ಧ ನಡೆಯುವುದಿಲ್ಲ. ಮರಳಿಗೆ ಹಿಡಿತ ಇಲ್ಲ, ಹಾಕಿದ್ದು ಒಂದು ಮಳೆಗೆ ಇಳಿದುಹೋಗುತ್ತದೆ. ಇಲ್ಲಿ ಮೊದಲು ಬೇಕಾದದ್ದು ತೇವ ಹಿಡಿಯುವ ವಸ್ತು. ತೆಂಗಿನ ಬುಡದಿಂದ ಆರಡಿ ದೂರದಲ್ಲಿ ಕಾಲುವೆ ತೆಗೆದು ತೆಂಗಿನ ಸಿಪ್ಪೆಯನ್ನು ಪದರ ಪದರವಾಗಿ ಹೂಳಿದರೆ ಐದಾರು ವರ್ಷ ಸ್ಪಂಜಿನ ಹಾಗೆ ಕೆಲಸ ಮಾಡುತ್ತದೆ. ಒಳ ಪದರಗಳ ಹೊಟ್ಟೆ ಮೇಲೆ ಇರಲಿ, ಕೊನೆಯ ಪದರ ಮಾತ್ರ ಬೋರಲು. ಮಳೆ ಶುರುವಿನಲ್ಲಿ ಪ್ರತಿ ಬುಡದ ಪಾತಿಗೆ 100 ಗ್ರಾಂ ಅಲಸಂದೆ ಬೀಜ ಚೆಲ್ಲಿ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೂ ಬಿಡುವಾಗ ಅಲ್ಲೇ ಮಣ್ಣಿಗೆ ಸೇರಿಸಿದರೆ ಪಾತಿಗೆ 15–20 ಕೆಜಿ ಸೊಪ್ಪು ಸಿಗುತ್ತದೆ. ಮರಳಿನಲ್ಲಿ ಗ್ಲಿರಿಸಿಡಿಯಾವೂ ಚೆನ್ನಾಗಿ ಬರುತ್ತದೆ.

ಮೀನು ಗೊಬ್ಬರ ಕರಾವಳಿಯ ಹಳೆಯ ಆಸ್ತಿ, ಸಾರಜನಕ ರಂಜಕ ಎರಡೂ ಹೇರಳ. ಉಪ್ಪು ಹಾಕಿ ಒಣಗಿಸಿದ ಮೀನಿನ ಕಸವಾದರೆ ಮಳೆ ನೀರಲ್ಲಿ ತೊಳೆಯದೆ ಹಾಕಬೇಡಿ. ಗುಂಡಿಯಲ್ಲಿ ಹಸಿ ಸಗಣಿ ತಿಂಗಳುಗಟ್ಟಲೆ ಬಿಟ್ಟರೆ ತೆಂಗಿನ ಸುಳಿ ತಿನ್ನುವ ಕುರುವಾಯಿ ದುಂಬಿ ಅಲ್ಲೇ ಮೊಟ್ಟೆ ಇಡುತ್ತದೆ. ಗುಂಡಿ ಮಗುಚುವಾಗ ಬಿಳಿ ದಪ್ಪ ಹುಳ ಕಂಡರೆ ಕೋಳಿಗೆ ಹಾಕಿ, ಹುಳ ಕೊಲ್ಲುವ ಶಿಲೀಂಧ್ರ ಮೆಟರೈಜಿಯಂನ ಪುಡಿ ಸೇರಿಸಿ.

ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರು ಬರುವ ಗದ್ದೆಯಲ್ಲಿ, ಆಯ್ಕೆ ಗೊಬ್ಬರದ್ದಲ್ಲ, ಉಪ್ಪುನೀರಿನದ್ದು. ಮಾಣಿಕಟ್ಟಾದಂಥ ಊರುಗಳಲ್ಲಿ ಉಳಿದಿರುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ. ಮುಂಗಾರಿನ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಮಳೆಗಾಲ ಮುಗಿದ ಮೇಲೆ ಕೊಯ್ಲು, ಆಮೇಲೆ ತೂಬು ತೆರೆದು ಸಿಗಡಿ–ಮೀನು. ಭತ್ತದ ಕೂಳೆ ಸಿಗಡಿಗೆ ಮೇವು, ಸಿಗಡಿಯ ಹೊಲಸು ಮತ್ತು ಭರತದ (ಉಬ್ಬರದ) ನೀರು ತರುವ ಕೆಸರು ಭತ್ತಕ್ಕೆ ಗೊಬ್ಬರ. ಚೀಲ ಗೊಬ್ಬರವೇ ಬೇಡದ ಬೇಸಾಯ. ವರ್ಷವಿಡೀ ಸಿಗಡಿ ಮಾತ್ರ ಎಂದರೆ ಕೈಗೆ ದುಡ್ಡು ಬೇಗ ಬರುತ್ತದೆ, ನಿಜ. ಆದರೆ ಉಪ್ಪುನೀರು ತೆಗೆಯುವ ಹೊತ್ತೇ ಇಲ್ಲದೆ ಭತ್ತ ಹೋಗುತ್ತದೆ, ಪಕ್ಕದವರ ಗದ್ದೆಗೂ ಉಪ್ಪು ಜಿನುಗುತ್ತದೆ, ಬಿಳಿಚುಕ್ಕಿ ರೋಗ ಬಂದ ವರ್ಷ ಎರಡೂ ಇಲ್ಲ. ಒಡ್ಡು, ತೂಬು ಎಲ್ಲರದ್ದು ಒಂದೇ ಆದ್ದರಿಂದ ಗಜನಿಯಲ್ಲಿ ಇದನ್ನು ಒಬ್ಬರೇ ಆರಿಸಲಾಗದು, ಊರೇ ಕೂತು ಆರಿಸಬೇಕು. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್‌ಸಾರ್ ಪಟ್ಟಿ ಸೇರಿದೆ. ಕಗ್ಗ ಅಕ್ಕಿಗೆ ಹೆಸರು ಹೇಳಿ ಮಾರಲು ಅದೊಂದು ಆಧಾರ.

ಬೆಟ್ಟಕ್ಕೆ ಯಾವ ಗಿಡ: ಮುರುಗಲೋ, ಉಪ್ಪಾಗೆಯೋ

ಬೋಳು ಬೆಟ್ಟಕ್ಕೆ ಮತ್ತೆ ಗಿಡ ಹಾಕುವವರು ಆದಾಯವೂ ಬರಲಿ ಎಂದು ಈ ಎರಡರಲ್ಲಿ ಒಂದನ್ನು ಕೇಳುತ್ತಾರೆ. ಎರಡೂ ಇಲ್ಲಿನವೇ, ಎರಡರ ಬೀಜದಿಂದಲೂ ತುಪ್ಪ ಬರುತ್ತದೆ. ವ್ಯತ್ಯಾಸ ಹಣ್ಣಾಗುವ ಕಾಲದಲ್ಲಿದೆ. ಮುರುಗಲು (ಕೋಕಂ) ಹೆಚ್ಚಿನದು ಏಪ್ರಿಲ್–ಮೇನಲ್ಲಿ ಹಣ್ಣಾಗುತ್ತದೆ, ಸಿಪ್ಪೆ ಬಿಸಿಲಿಗೆ ಒಣಗುತ್ತದೆ, ಶರಬತ್ತಿಗೆ ಹಸಿ ಸಿಪ್ಪೆಯನ್ನು ಅದರ ಎರಡು ಪಟ್ಟು ಸಕ್ಕರೆಯಲ್ಲಿ ಹಾಕಿ ಬಿಸಿಲಿಗಿಟ್ಟರೂ ಆಯಿತು. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಬೆಂಕಿ ಹಾಕಿ ಒಣಗಿಸಬೇಕು, ರಾಶಿ ರಾಶಿ ಕಟ್ಟಿಗೆ ಬೇಕು. ಬೆಟ್ಟ ಉಳಿಸಲೆಂದು ನೆಟ್ಟ ಮರದ ಹಣ್ಣು ಒಣಗಿಸಲು ಬೆಟ್ಟದ ಮರವನ್ನೇ ಕಡಿಯುವ ಪರಿಸ್ಥಿತಿ. ಒಳ್ಳೆಯ ಡ್ರೈಯರ್ ಇಲ್ಲದವರಿಗೆ ಮುರುಗಲೇ ಸರಿ. ಬೀಜದಿಂದ ಎಬ್ಬಿಸಿದರೆ ಅರ್ಧದಷ್ಟು ಗಂಡು ಗಿಡ, ಹಣ್ಣಿಲ್ಲ; ಕಸಿ ಗಿಡ ತನ್ನಿ. ಕಸಿಯ ಕಡ್ಡಿ ನೆಟ್ಟಗೆ ಮೇಲೇರಿದ ಚಿಗುರಿನದೇ ಎಂದು ನರ್ಸರಿಯಲ್ಲಿ ಕೇಳಿ. ಪಕ್ಕದ ಟೊಂಗೆಯ ಕಡ್ಡಿಯಾದರೆ ಗಿಡ ನೆಲದ ಮೇಲೆ ಪೊದೆಯಾಗಿ ಹರಡುತ್ತದೆ. ನಡುವೆ ಕೆಲವು ಗಂಡು ಗಿಡ ಇರಲಿ, ಪರಾಗಕ್ಕೆ.

ಯಾರಿಗೆ ಯಾವುದು

ಬೆಟ್ಟ ಚೆನ್ನಾಗಿದೆ, ನಾಲ್ಕು ದನ ಇದೆ ಎನ್ನುವವರು ಬೇರೆ ಹುಡುಕಬೇಡಿ, ಕಡಿಯುವ ಕ್ರಮ ಸರಿಮಾಡಿ, ಗುಂಡಿಗೆ ಮಾಡು ಹಾಕಿ. ಬೆಟ್ಟ ಇದೆ ಆದರೆ ಕೆಂಪಾಗಿದೆ ಎನ್ನುವವರು ಐದು ವರ್ಷ ಅದಕ್ಕೆ ರಜೆ ಕೊಟ್ಟು ತೋಟದ ಕಸ ಮತ್ತು ಗ್ಲಿರಿಸಿಡಿಯಾಕ್ಕೆ ಬನ್ನಿ. ಬೆಟ್ಟವೇ ಇಲ್ಲದ ಹೊಸ ತೋಟಕ್ಕೆ ಮೊದಲ ಐದು ವರ್ಷ ಸೆಣಬು ಅಥವಾ ಡಯಂಚ, ನೆಟ್ಟ ಮೊದಲ ಮಳೆಗೇ ಬೇಲಿಗೆ ಗ್ಲಿರಿಸಿಡಿಯಾ. ಒಂದೇ ದನ ಇರುವವರು ಸಗಣಿಯನ್ನು ಗೊಬ್ಬರವೆಂದು ನೆಚ್ಚದೆ ಜೀವಾಮೃತಕ್ಕೆ, ಎರೆಗೊಬ್ಬರದ ಹೆಪ್ಪಿಗೆ ಬಳಸಿ. ಪೇಟೆಯಲ್ಲಿದ್ದು ತಿಂಗಳಿಗೊಮ್ಮೆ ಬರುವವರಿಗೆ ಎರೆಗೊಬ್ಬರ ಬೇಡ, ನೀರಿಲ್ಲದೆ ಹುಳ ಸಾಯುತ್ತದೆ. ಸೋಗೆಯನ್ನು ಕತ್ತರಿಸಿ ಸಾಲಿನ ನಡುವೆ ಹಾಸುವುದೇ ಸಾಕು.

ಯಾವುದನ್ನು ಆರಿಸಿದರೂ ಶುರುಮಾಡುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಮರದಿಂದ ಎರಡು ಮೂರು ಅಡಿ ದೂರದಲ್ಲಿ, ಒಂದಡಿ ಆಳಕ್ಕೆ, ಎಂಟು ಹತ್ತು ಕಡೆ ಮಣ್ಣು ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಚೆಲ್ಲುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಗೊಬ್ಬರ, ಸುಣ್ಣ ಹಾಕಿ ಮೂರು ತಿಂಗಳಾದರೂ ಆಗಿರಬೇಕು. ವರದಿಯಲ್ಲಿ ಸಾವಯವ ಇಂಗಾಲ ಶೇ 0.75ಕ್ಕಿಂತ ಹೆಚ್ಚಿದ್ದರೆ ‘ಅಧಿಕ’ ಎಂದು ಬರೆದಿರುತ್ತಾರೆ. ನಮ್ಮ ಕಡೆಯ ತೋಟದಲ್ಲಿ ಅದು ಸಾಮಾನ್ಯ, ಅದೊಂದನ್ನೇ ನೋಡಿ ಹಿಗ್ಗಬೇಡಿ. ರಸಸಾರ (ಪಿಎಚ್) 5ರ ಆಸುಪಾಸಿದ್ದರೆ, ಅಂದರೆ ಮಣ್ಣು ಹುಳಿಯಾಗಿದ್ದರೆ, ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಂಡಿರುತ್ತವೆ. ವರದಿಯ ಶಿಫಾರಸಿನಂತೆ ಸುಣ್ಣ ಹಾಕದೆ ಎಷ್ಟು ಗೊಬ್ಬರ ಕೊಟ್ಟರೂ ಬೇರಿಗೆ ಸಿಗದು. ಸುಣ್ಣ ಹಾಕಿ ಎರಡು ಮೂರು ವಾರ ಬಿಟ್ಟು ಗೊಬ್ಬರ ಹಾಕಿ, ಒಟ್ಟಿಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಅದೇ ದಿನ ಸೊಪ್ಪು ತರುವ ಬೆಟ್ಟದಿಂದಲೂ ಒಂದು ಮಾದರಿ ತೆಗೆದು, ಬೇರೆ ಚೀಟಿ ಬರೆದು ಕಟ್ಟಿ. ಮೂರು ವರ್ಷದ ಮೇಲೆ ಅದೇ ಜಾಗಗಳಿಂದ ಮತ್ತೆ ಎರಡು. ತೋಟದ ಇಂಗಾಲ ಏರಿ ಬೆಟ್ಟದ್ದು ಇಳಿದಿದ್ದರೆ ಗೊಬ್ಬರದ ದಾರಿ ಬದಲಿಸಬೇಕು.